ಒಂದು ಕೀ, ಇಬ್ಬರು ಯಜಮಾನರು

ಮತ್ತೆ ಅದೇ ಚೌಕ ಪರದೆಯ ನಡುವೆ ಎದ್ದು ನಿಂತಿತು. ಜಲಜಾ ಎಫ್-12 ಕೀ ಒತ್ತಿದ್ದು ಇಂಗ್ಲಿಷಿನಿಂದ ಕನ್ನಡ ಅಕ್ಷರಕ್ಕೆ ಬರಲು. ಕಂಪ್ಯೂಟರು ಮಾತ್ರ ಈ ಫೈಲನ್ನು ಯಾವ ಹೆಸರಿನಲ್ಲಿ ಉಳಿಸಬೇಕು ಎಂದು ಕೇಳುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಗಂಡ ಚಂದ್ರಹಾಸ ಮೌಸ್ ಎಳೆದು ಚೌಕವನ್ನು ಮುಚ್ಚಿದ. ಮೌಸ್ ಹೇಗೂ ಕೈಯಲ್ಲೇ ಇತ್ತಲ್ಲ, ಹಾಗೆಯೇ ಅವಳು ಬರೆದಿದ್ದ ನಾಟಕದ ಒಂದು ಸಾಲನ್ನೂ ಗುರುತು ಮಾಡಿದ.

“ಈ ಗಂಡನ ಪಾತ್ರ ‘ಬೇಡ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಎಂತಕ್ಕೆ? ‘ಯೋಚನೆ ಮಾಡುವ’ ಅಂತ ಹೇಳಲಿ. ಇಲ್ಲಿನ ಕನ್ನಡ ಸಂಘದಲ್ಲಿ ನೋಡುವವರಿಗೂ ಚೆಂದ.”

ಜಲಜಾ ಬದಲಾಯಿಸಿದಳು. ವರ್ಷದಿಂದ ಅವಳ ಬಲಗೈ ನಡುಗುತ್ತಿತ್ತು. ಅಪಾಯವೇನಿಲ್ಲ, ಆದರೆ ಹೋಗುವುದೂ ಇಲ್ಲ ಎಂದಿದ್ದರು ಡಾಕ್ಟರು. ಕೀಗಳಾದರೆ ಬೆರಳು ಬರುವ ತನಕ ಕಾಯುತ್ತವೆ. ಮೌಸಿನ ಬಾಣ ಕಾಯುವುದಿಲ್ಲ. ದೀಪ ಹಾಕಿದಾಗ ಓಡುವ ಜಿರಲೆಯ ಹಾಗೆ ಪರದೆಯ ತುಂಬ ಓಡಾಡುತ್ತದೆ. ಹಾಗಾಗಿ ಖಿದಿರ್‌ಪುರದ ಬಂದರು ಕಚೇರಿಯಿಂದ ಬೆಹಾಲಾದ ಫ್ಲ್ಯಾಟಿಗೆ ಬಂದವನೇ ಚಂದ್ರಹಾಸ ಮುಖ ತೊಳೆದು, ಚಹಾ ಕುಡಿದು, ಮೌಸ್ ಹಿಡಿದು ಕೂರುತ್ತಿದ್ದ. ಪ್ರೀತಿಯಿಂದಲೇ. ಆದರೆ ಅವನು ಕೂತಷ್ಟೂ ನಾಟಕದ ಗಂಡ ದಿನದಿಂದ ದಿನಕ್ಕೆ ಒಳ್ಳೆಯವನಾಗುತ್ತಿದ್ದ. ನಾಟಕದ ಹೆಂಡತಿ ತುಂಗಮ್ಮನಿಗೆ ಜಗಳವಾಡಲು ಕಾರಣವೇ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಲಿನ ಮಹಡಿಯ ಸ್ಫೂರ್ತಿ ನೀರುದೋಸೆ ತಿನ್ನಲು ಬಂದಳು. ಬೆಂಗಳೂರಿನ ಹುಡುಗಿ, ಸೆಕ್ಟರ್ ಫೈವಿನಲ್ಲಿ ಒಂದರ ಪಕ್ಕ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಆ ವರ್ಷಗಳಲ್ಲಿ ಅಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಬಂದವಳು. ಚಂದ್ರಹಾಸ ಮೀನು ತರಲು ಬಜಾರಿಗೆ ಹೋಗಿದ್ದ. ಜಲಜಾ ಅವಳ ತಟ್ಟೆಗೆ ಚಟ್ನಿ ಬಡಿಸಿ, ಕಂಪ್ಯೂಟರಿನ ಮುಂದೆ ಕೂರಿಸಿ, ಎಫ್-12 ಒತ್ತಿ ತೋರಿಸಿದಳು.

ಸ್ಫೂರ್ತಿ ನಕ್ಕಳು. “ಒಂದೇ ಕೀಗೆ ಇಬ್ರು ಯಜಮಾನ್ರು, ಆಂಟಿ. ಕನ್ನಡದ ಸಾಫ್ಟ್‌ವೇರ್ ಇದು ನಂದು ಅನ್ನತ್ತೆ, ಬರೆಯೋ ಸಾಫ್ಟ್‌ವೇರೂ ನಂದು ಅನ್ನತ್ತೆ. ಯಾರಾದ್ರೂ ಒಬ್ರು ಬಿಟ್ಟುಕೊಡಬೇಕು. ನಿಮಗೆ ಯಾವುದು ಬೇಕು?”

“ನನಗೆ ಕನ್ನಡ ಬಂದ್ರೆ ಸಾಕು.”

ಸ್ಫೂರ್ತಿ ಎಡಗೈಯಲ್ಲಿ ದೋಸೆಯ ತಟ್ಟೆ ಹಿಡಿದುಕೊಂಡೇ ಸೆಟ್ಟಿಂಗಿನ ಒಳಗೆ ಹೊಕ್ಕು, ಬರೆಯುವ ಸಾಫ್ಟ್‌ವೇರಿನಿಂದ ಆ ಕೀಯನ್ನು ಬಿಡಿಸಿದಳು. ಜಲಜಾ ಒತ್ತಿ ನೋಡಿದಳು. ಚೌಕ ಏಳಲಿಲ್ಲ. ಕನ್ನಡ ಬಂತು.

“ಸ್ಫೂರ್ತಿ, ಮೌಸನ್ನು ಮುಟ್ಟದೆಯೇ ಎಲ್ಲ ಮಾಡ್ಲಿಕ್ಕೆ ಆಗ್ತದಾ?”

“ಖಂಡಿತ. ಆಲ್ಟ್ ಒತ್ತಿದ್ರೆ ಮೆನುಗೆ ಹೋಗುತ್ತೆ, ಅಲ್ಲಿಂದ ಬಾಣದ ಕೀ. ಎರಡು ಕೀ ಒಟ್ಟಿಗೆ ಒತ್ತೋದು ಕಷ್ಟ ಆದ್ರೆ ಒಂದಾದ ಮೇಲೆ ಒಂದು ಒತ್ತೋ ಹಾಗೂ ಮಾಡಬಹುದು. ಮೊದಮೊದಲು ನಿಧಾನ, ಅಷ್ಟೆ. ಆದ್ರೆ ಅಂಕಲ್ ಇದಾರಲ್ಲ ಸಹಾಯಕ್ಕೆ?”

“ಅದಕ್ಕೇ ಕೇಳಿದ್ದು.”

ಸ್ಫೂರ್ತಿ ಅವಳ ಮುಖ ನೋಡಿದಳು, ಒಂದಾದ ಮೇಲೆ ಒಂದು ಕೀ ಒತ್ತುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಟ್ಟಳು. ಅವಳು ಎದ್ದುಹೋದ ಮೇಲೆ ಜಲಜಾ ಬಗ್ಗಿ ಮೌಸಿನ ವೈರನ್ನು ಕಿತ್ತು, ಸುತ್ತಿ, ಡ್ರಾಯರಿಗೆ ಹಾಕಿದಳು.

ಚಂದ್ರಹಾಸ ಬಂಗಾಳಿಗಳ ಮೆಚ್ಚಿನ ಇಲಿಶ್ ಮೀನಿನ ಚೀಲ ಹಿಡಿದು ಬಂದಾಗ ಅವಳು ಬರೆಯುತ್ತಿದ್ದಳು.

“ಮೌಸ್ ಎಲ್ಲಿ?”

“ಡ್ರಾಯರಿನಲ್ಲಿ ಉಂಟು.”

“ಹಾಳಾಯ್ತಾ?”

“ಇಲ್ಲ. ಇನ್ನು ಬೇಕಾಗುವುದಿಲ್ಲ.”

ಅವನು ತನ್ನ ಕುರ್ಚಿಯಲ್ಲಿ ಕೂತ. ಕೈಗಳನ್ನು ಎಲ್ಲಿಡುವುದು ಎಂದು ತಿಳಿಯದೆ ಮೊದಲು ಮೇಜಿನ ಮೇಲೆ, ಆಮೇಲೆ ಮಡಿಲಲ್ಲಿ ಇಟ್ಟುಕೊಂಡ. ಸ್ವಲ್ಪ ಹೊತ್ತಿನಲ್ಲಿ, ಮೀನು ತೊಳೆಯಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು ಎದ್ದುಹೋದ. ಜಲಜಾ ಹಲವು ಸಲ ತಪ್ಪು ಕೀ ಒತ್ತಿದಳು, ಒಮ್ಮೆ ಅರ್ಧ ಪುಟ ಮಾಯವಾಗಿ ಮತ್ತೆ ಬಂತು. ಆದರೂ ಅವಳಿಗೆ ಬೇಸರವಾಗಲಿಲ್ಲ. ಬಾಣದ ಕೀ ಒತ್ತುತ್ತ ಒಂದೊಂದೇ ಸಾಲು ಮೇಲಕ್ಕೆ ಹೋಗಿ ಹಳೆಯ ‘ಬೇಡ’ವನ್ನು ಅದರ ಜಾಗಕ್ಕೆ ತಂದು ಕೂರಿಸಿದಳು. ಮದುವೆಯಾಗಿ ಈ ಊರಿಗೆ ಬಂದ ವರ್ಷ ಅವಳಿಗೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವಳು ಹೋಗಲಿಲ್ಲ. ನಾಟಕದ ತುಂಗಮ್ಮನಿಗೂ ಈಗ ಶಾಲೆಯಿಂದ ಕರೆ ಬಂದಿತ್ತು. ಊಟಕ್ಕೆ ಕೂತ ಗಂಡ ಅನ್ನ ಕಲಸುತ್ತ ಆ ಒಂದು ಮಾತು ಹೇಳುತ್ತಿದ್ದ.

ಊಟವಾದ ಮೇಲೆ ಚಂದ್ರಹಾಸ ಕೇಳಿದ, “ಓದಬಹುದಾ?”

“ಓದಿ.”

ಅವನು ಬಗ್ಗಿ ನಿಂತು ಓದಿದ. ಅವಳೇ ಕೀ ಒತ್ತಿ ಪುಟ ಸರಿಸಿದಳು. ‘ಬೇಡ’ ಎಂಬ ಸಾಲಿನ ಮೇಲೆ ಅವನ ಕಣ್ಣು ನಿಂತಿತು. ಇನ್ನೇನು, ತಿದ್ದು ಎನ್ನುತ್ತಾನೆ ಎಂದುಕೊಂಡು ಜಲಜಾ ಉತ್ತರ ಹುಡುಕುತ್ತಿದ್ದಳು.

“ಈ ಗಂಡನ ಪಾತ್ರ ಯಾರು ಮಾಡುವುದು?”

“ಸಂಘದ ಹಯವದನ ರಾಯರು.”

“ಅವರಿಗೆ ಬರ್ಲಿಕ್ಕಿಲ್ಲ. ಮತ್ತೆ ಇದು ಊಟಕ್ಕೆ ಕೂತು ಹೇಳುವ ಮಾತಲ್ಲ.”

ಅವನು ಬಾಗಿಲ ಬಳಿಗೆ ನಡೆದ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡ. ಚಿಲಕದ ಮೇಲೆ ಕೈಯಿಟ್ಟು, ಅವಳ ಕಡೆಗೆ ತಿರುಗದೆ ಹೇಳಿದ: “ಬೇಡ.”

ಕೆಳಗೆ ಗಲ್ಲಿಯಲ್ಲಿ ರಿಕ್ಷಾದವನೊಬ್ಬ ಹಾರ್ನ್ ಒತ್ತುತ್ತ ಹೋದ. ಚಂದ್ರಹಾಸ ಬಾಗಿಲಿಗೆ ಮುಖ ಮಾಡಿಯೇ ನಿಂತಿದ್ದ.

“ಸರಿ ಆಯ್ತಾ?”

ಜಲಜಾಳ ಬೆರಳುಗಳು ಆಗಲೇ ಕೀಗಳ ಮೇಲಿದ್ದವು. ಅವಳಿಗೆ ನಗು ಬಂತು.

“ಆಯ್ತು. ಆದ್ರೆ ನನಗೆ ಶಾಲೆಯಿಂದ ಕರೆ ಬಂದ ಆವತ್ತು ಇನ್ನೂ ಸ್ವಲ್ಪ ಬೇಗ ಹೇಳಿದ್ರಿ.”