ಕಣ್ಣುಪಾಲು

ತೋಲ್ಪೆಟ್ಟಿಯ ಹಾಡಿಯಂಚಿನಲ್ಲಿ ಆನೆ ಬಂದರೆ ಸೈರನ್ ಕೂಗಿಸುವ ಎಐ ಕ್ಯಾಮೆರಾ ಕುರುಡಾಗಿತ್ತು. ಕಂಪನಿಯಿಂದ ನೋಡಲು ಬಂದ ಜಿಷಾಳಿಗೆ ಕಾರಣ ಹುಡುಕಬೇಕಾಗಿಯೇ ಬರಲಿಲ್ಲ. ಕಂಬಕ್ಕೆ ಯಾರೋ ಎಲೆಯಲ್ಲಿ ಸುತ್ತಿ ಜೇನುಹುಟ್ಟಿನ ತುಂಡು ಕಟ್ಟಿದ್ದರು. ಅಲ್ಲಿಂದ ಕ್ಯಾಮೆರಾದ ಗಾಜಿನವರೆಗೆ ಇರುವೆಗಳ ದಿಬ್ಬಣ ಹೊರಟಿತ್ತು.

"ಯಾರ ಕೆಲಸ ಇದು?" ಎಂದಳು.

ಫಾರೆಸ್ಟ್ ವಾಚರ್ ಕುಟ್ಟನ್, ಬಹುಮಾನ ಕೊಡುತ್ತಾರೇನೋ ಎಂಬಂತೆ ಕೈ ಎತ್ತಿದ.

"ಮೊನ್ನೆ ನನ್ನ ಹೆಂಡ್ತಿ ಚಿರುತ ಸೌದೆ ಹೊತ್ಕೊಂಡು ಬರ್ತಿದ್ಲು ಮಗಳೇ. ಇದು ಕೂಗ್ತು. ಅವ್ಳು ನಿಂತ್ಲು. ಹತ್ತೇ ಹೆಜ್ಜೆ ಮುಂದೆ ಒಂಟಿಸಲಗ ದಾಟಿ ಹೋಯ್ತು. ನಮ್ಮಲ್ಲಿ ಜೇನು ಯಾರೇ ಇಳಿಸ್ಲಿ, ಹುಟ್ಟನ್ನ ಮೊದ್ಲು ಕಂಡವನಿಗೆ ಕಣ್ಣುಪಾಲು ಕೊಡ್ಬೇಕು. ಆನೇನ ಮೊದ್ಲು ಕಂಡದ್ದು ಇದೇ ಅಲ್ವಾ?"

ಜಿಷಾ ತಲೆ ಚಚ್ಚಿಕೊಂಡಳು. ಪಕ್ಕದ ಹಾಡಿಯವಳೇ, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಅದಕ್ಕೆ ತಕ್ಕ ಕೆಲಸ ಸಿಗದೆ, ಎಂಟು ತಿಂಗಳಿಂದ ಕಾಟ್ಟಿಕುಳಂ ಪೇಟೆಯ ಒಂದು ಕೋಣೆಯಲ್ಲಿ ಕೂತು, ಕ್ಯಾಮೆರಾ ಕಳಿಸುವ ಚಿತ್ರಗಳಿಗೆ 'ಆನೆ', 'ಆನೆ ಅಲ್ಲ' ಎಂದು ಗುಂಡಿ ಒತ್ತುತ್ತಿದ್ದಳು. ಜನ ಕೈಯಾಡಿಸಿದ ಕ್ಯಾಮೆರಾವನ್ನು ಕಿತ್ತು ಬೇರೆ ಊರಲ್ಲಿ ಹಾಕುವುದು ಕಂಪನಿಯ ನಿಯಮ. ಹತ್ತಿರದವಳೆಂದು ಇವತ್ತು ನೋಡಿ ವರದಿ ಬರೆಯಲು ಅವಳನ್ನೇ ಕಳಿಸಿದ್ದರು.

"ಮಾವ, ಇದಕ್ಕೆ ಮನಸ್ಸಿಲ್ಲ. ಆನೆ ಅಂದ್ರೆ ಏನು ಅಂತ ಗೊತ್ತಿಲ್ಲ. ಚಿರುತ ಅತ್ತೆ ಬದುಕಿದ್ದೂ ಗೊತ್ತಿಲ್ಲ. ಏನೂ ಗೊತ್ತಿಲ್ಲದ್ದಕ್ಕೆ ಪಾಲು ಕೊಟ್ರೆ ಏನು ಬಂತು?"

ಕುಟ್ಟನ್ ಕಂಬವನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತಿಲ್ದೆ ಆನೇನ ಹೆಂಗೆ ಗುರುತು ಹಿಡೀತು? ಯಾರಾದ್ರೂ ಹೇಳ್ಕೊಟ್ಟಿರ್ಬೇಕಲ್ಲ."

"ಸಾವಿರಾರು ಚಿತ್ರ ತೋರಿಸಿ ಹೇಳ್ಕೊಡ್ತಾರೆ..." ಜಿಷಾ ತಡವರಿಸಿದಳು. "ನಾನೇ ಹೇಳ್ಕೊಟ್ಟೆ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಕಣ್ಣು ನಿಂದು, ಪಾಲು ತಂದು ಕಂಬಕ್ಕೆ ಕಟ್ಟಿದೀನಿ."

ಅವನು ಪೊಟ್ಟಣ ಬಿಚ್ಚಿ, ಇರುವೆ ಕೊಡವಿ, ಎರಡೂ ಕೈಯಿಂದ ಅವಳಿಗೆ ಕೊಟ್ಟ. ತನ್ನ ಕೆಲಸದಿಂದ ಯಾರಿಗಾದರೂ ಒಳ್ಳೆಯದಾಗಿದೆ ಎಂದು ಎಂಟು ತಿಂಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಜೇನು ಬಾಯಿಗಿಟ್ಟಾಗ ಒಂದು ಇರುವೆಯೂ ಜೊತೆಗೆ ಹೋಯಿತು, ಉಗುಳಲಿಲ್ಲ.

ವರದಿಯಲ್ಲಿ "ಇರುವೆ ಕಾಟ. ಒರೆಸಿದ್ದೇನೆ" ಎಂದಷ್ಟೇ ಬರೆದಳು.

"ಇನ್ಮೇಲೆ ಜೇನು ಕಟ್ಟಬೇಡಿ ಮಾವ, ಕಿತ್ಕೊಂಡು ಹೋಗ್ತಾರೆ."

"ಶರಿ, ಕಟ್ಟಲ್ಲ. ಗಾಜು ಒರೆಸ್ಬಹುದಾ?"

"ಅದನ್ನ ಮಾಡಿ. ಒಳ್ಳೇದೇ."

ಮರುದಿನ ಬೆಳಗ್ಗೆ ಜಿಷಾಳ ಕಂಪ್ಯೂಟರಿಗೆ ತೋಲ್ಪೆಟ್ಟಿಯಿಂದ ಒಂದು ಚಿತ್ರ ಬಂತು. ಪರದೆ ತುಂಬ ಚಿರುತಳ ಮುಖ. ಕಲ್ಲಿನ ಮೇಲೆ ಹತ್ತಿ ನಿಂತು, ಸೆರಗಿನ ತುದಿ ಹಿಡಿದು, ಕಸ ಬಿದ್ದ ಮಗುವಿನ ಕಣ್ಣಿಗೆ ಊದುವ ಹಾಗೆ ಗಾಜಿಗೆ ಊದುತ್ತಿದ್ದಳು. ಚಿತ್ರದ ಕೆಳಗೆ ಯಂತ್ರದ ಎಂದಿನ ಪ್ರಶ್ನೆ: ಆನೆಯೋ, ಆನೆ ಅಲ್ಲವೋ?

ಜಿಷಾಳ ಬೆರಳು 'ಆನೆ ಅಲ್ಲ' ಗುಂಡಿಯವರೆಗೆ ಹೋಗಿ ಹಿಂದಕ್ಕೆ ಬಂತು. ಆ ಮುಖಕ್ಕೆ ಎರಡೂ ಉತ್ತರ ಸಾಲುತ್ತಿರಲಿಲ್ಲ.