ಹನ್ನೆರಡನೇ ಬಾಟಲಿಯ ಚೀಟಿ

ಉಗುಳುವ ಬಕೆಟ್ಟು ನಾಲ್ಕನೇ ದಿನವೂ ಒಣಗಿತ್ತು. ವೈನ್ ಅಂಗಡಿಯ ಒಡತಿ ತಳವನ್ನು ಬೆರಳಿನಿಂದ ಸವರಿ ನೋಡಿದಳು. ಧೂಳು ಅಂಟಿತು.

ವೈನಿನ ರುಚಿ ನೋಡುವವರು ಅದನ್ನು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಬೇಕು, ನುಂಗಬಾರದು. ದಿನಕ್ಕೆ ಮೂರು ಬಾಟಲಿ ನೋಡುವವನ ಬಕೆಟ್ಟು ಹೀಗೆ ಒಣಗಿದ್ದರೆ, ವೈನು ಎಲ್ಲಿಗೆ ಹೋಯಿತೆಂದು ಯಾರನ್ನೂ ಕೇಳಬೇಕಾಗಿಲ್ಲ.

"ಮುದುಕ ನುಂಗ್ತಿದಾನೆ," ಎಂದ ಅವಳ ಗಂಡ, ಗಿರಾಕಿಗಳಿಗೆ ಕೇಳಿಸದಂತೆ. "ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಹೇಳೋದು?"

ಮುದುಕ ಅಂದರೆ ಮೂಗಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಅವನಿಗೂ ನೆನಪಿತ್ತೋ ಇಲ್ಲವೋ. ಒಡತಿಯ ತಂದೆಯ ಕಾಲದಿಂದ ಈ ಅಂಗಡಿಯ ಮೂಗು ಅವನೇ. ಅವಳಿಗೆ ಚಿಕ್ಕಪ್ಪನಿಗಿಂತ ಹೆಚ್ಚು. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮೊದಲು ಹಿಂದಿನ ಕೋಣೆ ಸೇರಿ, ಬೀಗ ಹಾಕಿಕೊಂಡು, ಹನ್ನೆರಡು ವೈನಿಗೆ ಹನ್ನೆರಡು ಚೀಟಿ ಬರೆಯುತ್ತಿದ್ದ. ಬಾಟಲಿಯ ಕುತ್ತಿಗೆಗೆ ಕಟ್ಟುವ ಚೀಟಿ. ಮುಗಿದ ಬಾಟಲಿಗಳು ಅಲ್ಲಿನ ಬೀರುವಿನಲ್ಲೇ ಉಳಿಯುತ್ತಿದ್ದವು. ಬಕೆಟ್ಟನ್ನೂ ಒಳಗೇ ಒಯ್ದು ತಾನೇ ತೊಳೆದಿಡುತ್ತಿದ್ದ; ಈ ವರ್ಷ ಮಾತ್ರ ಅದನ್ನು ಬಾಗಿಲಾಚೆ ಮರೆತಿದ್ದ.

ವಿಸ್ಕಿ ಕುಡಿದವನು ಜಗಳ ತೆಗೆಯುತ್ತಾನೆ, ಜಿನ್ ಕುಡಿದವನು ಅಳುತ್ತಾನೆ, ಬಿಯರ್ ಕುಡಿದವನು ಕಂಡವರನ್ನೆಲ್ಲ ಅಣ್ಣಾ ಎಂದು ತಬ್ಬಿಕೊಳ್ಳುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಯಾವ ವೈನು ಮನಸ್ಸನ್ನು ಎಲ್ಲಿಗೆ ಒಯ್ಯುತ್ತದೆಂದು ಬಲ್ಲವನು ಮೂಗಪ್ಪ ಒಬ್ಬನೇ. ಮೊದಲೆಲ್ಲ ಅವನೂ 'ತುಸು ಹುಳಿ, ಮರದ ವಾಸನೆ' ಎಂದು ಬರೆದವನೇ. ಅದನ್ನು ಒಂದು ನರಪಿಳ್ಳೆಯೂ ಓದುತ್ತಿರಲಿಲ್ಲ. ಈಚಿನ ಮೂರು ವರ್ಷಗಳಿಂದ ಹೀಗೆ ಬರೆಯುತ್ತಿದ್ದಾನೆ: 'ಮೊದಲ ಲೋಟಕ್ಕೆ ನಗು. ಎರಡನೆಯದಕ್ಕೆ, ಮನೆ ಬಿಟ್ಟುಹೋದ ತಮ್ಮ ನೆನಪಾಗುತ್ತಾನೆ.' ಜನ ಮುಗಿಬಿದ್ದರು.

"ಚೀಟಿಯಲ್ಲಿದ್ದ ಹಾಗೇ ಆಯ್ತು ಕಣ್ರೀ," ಎಂದು ಹಲ್ಲಿನ ಡಾಕ್ಟರಮ್ಮ ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದಳು. "ಕಳೆದ ಕ್ರಿಸ್‌ಮಸ್ ಊಟದಲ್ಲಿ ನಮ್ಮ ಭಾವ ಎದ್ದು ನಿಂತು ಅತ್ತೆ ಹತ್ರ ಕ್ಷಮೆ ಕೇಳಿದ್ರು. ಏನು ತಪ್ಪು ಮಾಡಿದ್ರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ!"

ಒಡತಿಯ ಚಿಂತೆ ವ್ಯಾಪಾರದ್ದಲ್ಲ. ಮೂರು ವರ್ಷದ ಹಿಂದೆ ವೈದ್ಯರು ಮೂಗಪ್ಪನ ಲಿವರ್ ನೋಡಿ ತಲೆ ಆಡಿಸಿದ್ದರು. ಅಂದು ಅವನ ಹೆಂಡತಿ ಬಂದು ಇವಳ ಕೈ ಹಿಡಿದುಕೊಂಡಿದ್ದಳು. "ಅವರು ಒಂದು ಗುಟುಕು ನುಂಗಿದ್ದು ಗೊತ್ತಾದರೂ ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡು, ಮಗಳೇ. ನನಗೆ ಅವರು ಬೇಕು." ಒಡತಿ ಮಾತು ಕೊಟ್ಟಿದ್ದಳು. ಈಗ ಕೆಲಸ ಬಿಡಿಸಿದರೆ ಆ ಮನುಷ್ಯ ಕೊರಗಿ ಸಾಯುತ್ತಾನೆ, ಬಿಡಿಸದಿದ್ದರೆ ಕುಡಿದು ಸಾಯುತ್ತಾನೆ. ಎರಡು ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ.

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡಬೇಕಲ್ಲ? ಬಾಗಿಲಿಗೆ ಕಿವಿ ಕೊಟ್ಟಳು. ಹನ್ನೊಂದು ಗಂಟೆಗೆ ಒಳಗಿನಿಂದ ಬಿಕ್ಕುವ ಸದ್ದು. ಹನ್ನೊಂದೂವರೆಗೆ ಹೊಟ್ಟೆ ಹಿಡಿದು ನಗು. ಆಮೇಲೆ ಮೇಜು ಗುದ್ದಿ, "ಬಿಡಬೇಡ ಅವನನ್ನ! ಹಿಡ್ಕೋ!" ಎಂಬ ಕೂಗು. ಒಬ್ಬನೇ ಮನುಷ್ಯ, ಮೂರು ಬಾಟಲಿ. ಇನ್ನೇನು ಸಾಕ್ಷಿ ಬೇಕು?

ಆಗಲೇ ಬಾಗಿಲು ತೆರೆಯಿತು. ಮೂಗಪ್ಪ ಹನ್ನೊಂದನೇ ಚೀಟಿ ಚಾಚಿದ. ಕಣ್ಣು ಕೆಂಪಗೆ ಊದಿಕೊಂಡಿತ್ತು, ಬಾಯಲ್ಲಿ ಲವಂಗ. ಚೀಟಿಯಲ್ಲಿತ್ತು: 'ಎರಡನೇ ಲೋಟಕ್ಕೆ ಅತ್ತೆಯ ಮೇಲಿನ ಸಿಟ್ಟು ಇಳಿಯುತ್ತದೆ. ವಕೀಲನ ಮೇಲಿನದು ಮಾತ್ರ ಇಳಿಯುವುದಿಲ್ಲ.'

"ಯಾವ ವಕೀಲ, ಚಿಕ್ಕಪ್ಪ?"

"ಅದು ತೋರಿಸಿದ್ದನ್ನ ನಾನು ಬರೀತೀನಿ, ಅಷ್ಟೇ. ನನ್ನ ಕೇಳಿದ್ರೆ?"

"ಮೈ ಹುಷಾರಾಗಿದೆಯಾ?"

"ಮೈಗೇನು, ಗುಂಡುಕಲ್ಲು. ಮನಸ್ಸೇ ತಡೀತಾ ಇಲ್ಲ ಕಣಮ್ಮ. ಇನ್ನೊಂದು ಬಾಕಿ ಇದೆ, ಅದನ್ನ ಮುಗಿಸದೆ ನನಗೆ ನೆಮ್ಮದಿ ಇಲ್ಲ." ಅವಸರದಲ್ಲಿ ಬಾಗಿಲು ಹಾಕಿಕೊಂಡ.

ಇಷ್ಟು ವರ್ಷದಲ್ಲಿ ಯಾವ ಕುಡುಕನೂ ಅವಳೆದುರು ಇಷ್ಟು ನಿಜ ಹೇಳಿರಲಿಲ್ಲ. ಒಡತಿಗೆ ಅಳು ಬಂತು. ಕಣ್ಣು ಒರೆಸಿಕೊಂಡು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹೆಚ್ಚುವರಿ ಬೀಗದ ಕೈ ಹಿಡಿದು ಒಳನುಗ್ಗಿದಳು.

ಮೂಗಪ್ಪ ತಲೆಗೆ ಮಫ್ಲರ್ ಸುತ್ತಿಕೊಂಡು, ಮುಖಕ್ಕೆ ಟವೆಲ್ ಒತ್ತಿಕೊಂಡು, ಮೇಜಿನ ಮೇಲಿನ ಬಾಟಲಿಗಳತ್ತ ಬಾಗಿ ಗಳಗಳನೆ ಅಳುತ್ತಿದ್ದ.

"ಸಾಕು ಚಿಕ್ಕಪ್ಪ. ಏಳಿ, ಮನೆಗೆ ಹೋಗೋಣ. ಚಿಕ್ಕಮ್ಮನಿಗೆ ನಾನೇ ಹೇಳ್ತೀನಿ."

"ಎರಡು ನಿಮಿಷ ತಾಳಮ್ಮ!" ಎಂದ, ಅವಳತ್ತ ನೋಡದೆಯೇ.

ಅವಳು ಹನ್ನೆರಡನೇ ಬಾಟಲಿಯನ್ನು ಕಿತ್ತುಕೊಂಡು ಬಕೆಟ್ಟಿನ ಮೇಲೆ ಬುಡಮೇಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ. ಕುಲುಕಿದಳು. ಒಳಗೆ ವೈನು ತುಂಬಿತ್ತು, ಬೀಳಲಿಲ್ಲ. ಬಾಯಿಗೆ ಹಾಕಿದ ಮೊಹರು ಮೊಹರಾಗಿಯೇ ಇತ್ತು. ಪಕ್ಕದ ಎರಡರದ್ದೂ ಅಷ್ಟೇ. ಬೀರು ತೆರೆದಳು. ಮೂರು ವರ್ಷದ ಬಾಟಲಿಗಳು ಮೊಹರು ಒಡೆಯದೆ ಸಾಲಾಗಿ ನಿಂತಿದ್ದವು.

"ಒಂದು ತೊಟ್ಟೂ ಮುಟ್ಟಿಲ್ಲ, ನಿನ್ನ ಚಿಕ್ಕಮ್ಮನ ಆಣೆ," ಎಂದ ಮೂಗಪ್ಪ ಮೂಗು ಒರೆಸಿಕೊಳ್ಳುತ್ತ. "ಈಗ ಸ್ವಲ್ಪ ಸುಮ್ಮನಿರು. ಈ ಕಂತು ಮುಗಿಯದೆ ಹನ್ನೆರಡನೇ ಚೀಟಿ ಬರೆಯೋಕಾಗಲ್ಲ."

ಬಾಟಲಿಯ ಹಿಂದೆ ಒರಗಿಸಿಟ್ಟಿದ್ದ ಫೋನಿನಲ್ಲಿ ಧಾರಾವಾಹಿಯ ವಕೀಲ ಅಳುತ್ತಿದ್ದ ಅತ್ತೆಯ ಕೈಗೆ ಪೆನ್ನು ತುರುಕುತ್ತಿದ್ದ; ಒಡತಿ ಕುರ್ಚಿ ಎಳೆದುಕೊಂಡು ಕೂತು, ಮಫ್ಲರಿನೊಳಗೆ ಕೈ ಹಾಕಿ, ಮೂಗಪ್ಪನ ಒಂದು ಕಿವಿಯ ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡಳು.