ನಿಧಾನದ ತಿರುವು

ವಾಚ್ ರಿಪೇರಿಯವನು ಹೊಸ ಬೈಕಿನ ಸಮೇತ ಮತ್ತೊಮ್ಮೆ ನೆಲ ಕಂಡ. ಬಿದ್ದ ಎನ್ನುವಷ್ಟು ವೇಗವೇನೂ ಇರಲಿಲ್ಲ. ಎಮ್ಮೆ ಕೆಸರಲ್ಲಿ ಮಲಗುವ ಹಾಗೆ ಬೈಕು ಸಾವಕಾಶವಾಗಿ ಮಗ್ಗುಲಾಯಿತು, ಅವನೂ ಜೊತೆಗೆ ಮಗ್ಗುಲಾದ. ತರಬೇತಿ ಮೈದಾನದ ಕಿತ್ತಳೆ ಬಣ್ಣದ ಕೋನೊಂದು ಅವನ ಹೊಟ್ಟೆಯಡಿ ಸಿಕ್ಕಿಕೊಂಡಿತು. ಅದನ್ನು ಎಳೆದುಕೊಳ್ಳಲು ಬಂದವಳು ಅವನ ಮಾಜಿ ಹೆಂಡತಿ.

“ಏಳು, ಕೋನು ಚಪ್ಪಟೆ ಆಗತ್ತೆ” ಎಂದಳು.

ವಿಚ್ಛೇದನವಾದ ಮೇಲೆ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸತೊಡಗಿದ್ದಳು. ಅದು ಸಲಿಗೆಯೋ ಸೇಡೋ ಅವನಿಗೆ ಇನ್ನೂ ಬಗೆಹರಿದಿರಲಿಲ್ಲ. ಈಗ ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅವನ ಒಂದು ಕಾಲು ಬೈಕಿನಡಿ ಇತ್ತು, ಬೈಕನ್ನು ಎತ್ತುತ್ತಿದ್ದವನು ಅವಳ ಈಗಿನ ಗಂಡ. ಏನು ಮಾಡುವುದು, ದೊಡ್ಡ ಬೈಕು ಕಲಿಸುವ ಮಾಸ್ತರು ಊರಿಗೆಲ್ಲ ಅವನೊಬ್ಬನೇ.

ಮನೆಯಲ್ಲಿ ಒಂಟಿಯಾದ ಮೇಲೆ ಎದೆ ಕೊಂಚ ಉಬ್ಬಿಸಬೇಕು ಅನ್ನಿಸಿ ವಾಚ್ ರಿಪೇರಿಯವನು ಹಳೆಯ ಸ್ಕೂಟರು ಕೊಟ್ಟು ಈ ದೈತ್ಯನನ್ನು ತಂದಿದ್ದ. ನೇರ ರಸ್ತೆಯಲ್ಲಿ ಅವನು ಹುಲಿ. ತಿರುಗಿಸಬೇಕೆಂದರೆ ಮಾತ್ರ ಇಲಿ. ಅಂಗಡಿಯ ಮುಂದೆ ದಿನಾ ಕೆಳಗಿಳಿದು, ಬೆವರು ಸುರಿಸಿ, ದೂಡಿ ದೂಡಿ ಅದರ ಮುಖ ತಿರುಗಿಸುತ್ತಿದ್ದ. ಎದುರಿನ ಔಷಧಿ ಅಂಗಡಿಯವನು, ಬೈಕಿಗೆ ವಾಕಿಂಗ್ ಮಾಡಿಸ್ತಿದ್ದೀರಾ ಎಂದು ಕೇಳಿದ ದಿನದಿಂದ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಇಲ್ಲಿಗೆ ಬರತೊಡಗಿದ್ದ. ಇವತ್ತೂ ಆಗದಿದ್ದರೆ ಮಾರಿಬಿಡುವುದೆಂದು ತೀರ್ಮಾನಿಸಿದ್ದ.

ಮಾಸ್ತರು ಒಳ್ಳೆಯವನು, ಅದೇ ಇನ್ನೊಂದು ಕಷ್ಟ. ಬೈಯಲೂ ಇಲ್ಲ. ಕ್ಲಚ್ಚನ್ನು ಅರ್ಧ ಮಾತ್ರ ಬಿಡಬೇಕು, ಕಾಲಿನ ಬ್ರೇಕನ್ನು ಸುಮ್ಮನೆ ಸವರುತ್ತಿರಬೇಕು, ಹ್ಯಾಂಡಲ್ ತಿರುಗಿದಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು, ಎಲ್ಲಕ್ಕಿಂತ ಮೊದಲು ಕತ್ತು ತಿರುಗಬೇಕು, ಕಣ್ಣು ಹೋದ ಕಡೆಗೇ ಗಾಡಿ ಹೋಗುತ್ತದೆ ಎಂದು ಮತ್ತೆ ಮತ್ತೆ ಹೇಳಿಕೊಟ್ಟ. ಶಿಷ್ಯನಿಗೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ಸೀಟಿನ ಮೇಲೆ ಕೂತ ಕೂಡಲೇ ತಲೆ ತಾನಾಗಿ ಬಗ್ಗಿ, ಕಣ್ಣು ಮುಂದಿನ ಚಕ್ರಕ್ಕೆ ಅಂಟಿಕೊಳ್ಳುತ್ತಿತ್ತು. ಕಣ್ಣು ನೆಲ ನೋಡುತ್ತಿತ್ತು, ಗಾಡಿ ನೆಲಕ್ಕೇ ಹೋಗುತ್ತಿತ್ತು.

ಮಾಸ್ತರು ಗಡ್ಡ ಕೆರೆದುಕೊಂಡು ಯೋಚಿಸಿದ. ಆಮೇಲೆ ಹೆಂಡತಿಯನ್ನು ಕರೆದು, ತಿರುವು ಮುಗಿಯುವ ಜಾಗದಲ್ಲಿ ಹೋಗಿ ನಿಲ್ಲಲು ಹೇಳಿದ.

“ಹಳೇ ಗಂಡ ಗುದ್ದಿ ಹೊಸ ಗಂಡನ ಕಣ್ಮುಂದೆ ಸತ್ತೆ ಅಂತ ಪೇಪರಲ್ಲಿ ಬರತ್ತೆ” ಎಂದು ಗೊಣಗುತ್ತಲೇ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಚಕ್ರ ಮರೆತುಬಿಡಿ” ಎಂದ ಮಾಸ್ತರು. “ಅವಳ ಮುಖ ನೋಡಿ. ತಿರುವು ಮುಗಿಯೋವರೆಗೂ ಬೇರೆಲ್ಲೂ ನೋಡಬೇಡಿ.”

“ಬೇರೆಯವರ ಹೆಂಡತೀನ ಹಾಗೆಲ್ಲ ನೋಡೋದು ಚೆನ್ನಾಗಿರಲ್ಲ.”

“ಬೇರೆಯವನು ನಾನೇ. ನಾನೇ ಹೇಳ್ತಿದ್ದೀನಿ, ಹೊರಡಿ.”

ಬೈಕು ಗುರುಗುಟ್ಟಿ ಮುಂದೆ ಸರಿಯಿತು. ತಿರುವಿನ ಬಾಯಿಗೆ ಬಂದಾಗ ಅವನ ಕತ್ತು ಹಳೆಯ ಬಾಗಿಲಿನ ಹಾಗೆ ಬಿಗಿಯಾಗಿ ಭುಜದ ಕಡೆಗೆ ತಿರುಗಿತು. ಕಣ್ಣು ಅವಳನ್ನು ಹುಡುಕಿ ಹಿಡಿದು ಅಲ್ಲೇ ನಿಂತಿತು. ಅಷ್ಟು ತೂಕದ ಗಾಡಿ ಒಂದು ಕಡೆ ವಾಲಿ, ತೂರಾಡದೆ, ಕಾಲು ನೆಲಕ್ಕೆ ತಾಗಿಸದೆ, ಒಂದೇ ಒಂದು ಕೋನನ್ನೂ ಮುಟ್ಟದೆ ಸುತ್ತಿ ಬಂದು ಅವಳೆದುರು ನಿಂತಿತು.

ಮಾಸ್ತರು ದೂರದಿಂದ ಚಪ್ಪಾಳೆ ತಟ್ಟಿದ. ವಾಚ್ ರಿಪೇರಿಯವನಿಗೆ ಅದು ಕೇಳಿಸಲಿಲ್ಲ. ಎಂಜಿನ್ ಆರಿಸಿದ. ತಿರುವು ಮುಗಿದಿದ್ದರೂ ಅವನು ಇನ್ನೂ ನೋಡುತ್ತಲೇ ಇದ್ದ.

“ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತು?” ಎಂದ.

“ನಿನ್ನ ಮನೇಲಿದ್ದಾಗಲೇ” ಎಂದಳು.